ಕಾರ್ಡಿನಲ್ಲಿ ಉಳಿದ ಮೂರು

ಗೋಣಿಕೊಪ್ಪ. ಗೊಬ್ಬರದಂಗಡಿಯ ಮೇಲಿನ ಕೋಣೆ.
ಗೋಡೆಯಲ್ಲಿ ಪಾದದ ನಕ್ಷೆ, ಮೈಸೂರಿನಿಂದ ತಂದದ್ದು:
ಹೆಬ್ಬೆರಳಿಗೆ ತಲೆ, ಹಿಮ್ಮಡಿಗೆ ಸೊಂಟ,
ಕಿರುಬೆರಳ ಬುಡದಲ್ಲಿ ಕಿವಿ.
ಕೆಳಗಿಂದ ಏರುವ ಯೂರಿಯಾ ವಾಸನೆಗೆ
ನನ್ನ ನೀಲಗಿರಿ ಎಣ್ಣೆ ಸಾಲದು.

ಚೋಂದಮ್ಮನವರು ಹತ್ತು ಸಲದ ಕಾರ್ಡು ಕೊಂಡರು,
ಏಳಕ್ಕೇ ಬೇಜಾರು.
ಉಳಿದ ಮೂರಕ್ಕೆ ಬೊಳಕನನ್ನು ಕಳಿಸಿದ್ದಾರೆ.

ಕಕ್ಕಡದ ಮಳೆ. ಚಪ್ಪಲಿ ಮೆಟ್ಟಿಲ ಬುಡದಲ್ಲೇ ಬಿಟ್ಟು ಬಂದ.
ಬೆರಳ ಸಂದಿಯಲ್ಲಿ ಉಬ್ಬಿದ ಜಿಗಣೆ;
ಅವನೇ ಕಿತ್ತು ಕಿಟಕಿಯಾಚೆ ಎಸೆದು
'ಹಾಂ, ಈಗ ಒತ್ತಿ' ಅಂದ.

ಒತ್ತಿದೆ. ಬೆರಳು ಇಳಿಯಲಿಲ್ಲ.
ಅಂಗಾಲಿನ ನಡುವೆ ಅಡ್ಡಕ್ಕೊಂದು ದಿಣ್ಣೆ,
ಎರಡೂ ಕಾಲಿಗೆ, ಒಂದೇ ಅಳತೆ.
ಇದೇನು?
'ಏಣಿ ಮೆಟ್ಲು. ಕರಿಮೆಣಸು ಕುಯ್ಯೋದಲ್ವಾ,
ಬೆಳಿಗ್ಗೆ ಹತ್ತಿದ್ರೆ ಊಟದವರೆಗೆ ಅಲ್ಲೇ ನಿಲ್ಲೋದು.'

ನಕ್ಷೆಯತ್ತ ತಿರುಗಿದೆ: ಆ ಜಾಗಕ್ಕೆ ಹೊಟ್ಟೆ.
ಹೊಟ್ಟೆಪಾಡು, ಎಂದು ನಕ್ಕೆ. ಅವನು ನಗಲಿಲ್ಲ.
ಇಪ್ಪತ್ತೆಂಟು ಬೇಸಿಗೆ ಬಿದಿರು ಒತ್ತಿದ ಜಾಗಕ್ಕೆ
ನನ್ನ ಆರು ತಿಂಗಳ ಸರ್ಟಿಫಿಕೇಟು.

ಕಾಲು ಬಿಟ್ಟು ಕೈ ಕೇಳಿದೆ. ಕೊಟ್ಟ.
ತೊಳೆದರೂ ಹೋಗದ ಕಪ್ಪು ಉಗುರುಗಳಲ್ಲಿ.
ಹಿಡಿದವಳು ನಾನೇ; ಆದರೂ ಹೇಗೋ
ನನ್ನ ಹೆಬ್ಬೆರಳು ಅವನ ಮುಷ್ಟಿಯಲ್ಲಿತ್ತು.
ಗಂಟು ತಡವಿ ಕೇಳಿದ:
'ಇದು ಊದಿದೆಯಲ್ಲ ಮೇಡಂ,
ಇದನ್ನು ಯಾರು ಒತ್ತೋದು?'

ನಕ್ಷೆಯಲ್ಲಿ ಹುಡುಕುವವಳಂತೆ ನಿಂತೆ.
ಕೆಳಗೆ ಯಾರೋ ಪೊಟ್ಯಾಷ್ ಮೂಟೆ ದೊಪ್ಪನೆ ಇಳಿಸಿದರು.

ಕಾರ್ಡಿನಲ್ಲಿ ಇನ್ನೂ ಎರಡಿವೆ.