ಹೋಳಿಗೊಂದು ಕಣ್ಣು

ಹಾಸನದ ಮಾರ್ಕೆಟ್ ಯಾರ್ಡಿನ ಏಳನೇ ಶೆಡ್ಡು, ಮೇ ತಿಂಗಳು.
ಜಲಂಧರದ ಮೂಟೆ ಬಿಚ್ಚಿ, ಗೋಣಿ ಹಾಸಿ ಕೂತಿದ್ದೇವೆ ಒಂಬತ್ತು ಜನ,
ತೊಡೆಯ ಮೇಲೆ ಮೊರ, ಕೈಯಲ್ಲಿ ಸವೆದ ಚಾಕು.
ಕಣ್ಣು ನೋಡು, ಕೊಯ್ಯಿ, ಬೂದಿಗೆ ಹಾಕು.
ಕಣ್ಣು ನೋಡು, ಕೊಯ್ಯಿ.

ಕೆಂಪಾಜಮ್ಮ ಶುರು ಮಾಡುತ್ತಾಳೆ:
ಏನೇ ಇಂದ್ರಾಣಿ, ಚೀನಾಕ್ಕೆ ಹೋಗ್‌ಬಂದೆ,
ಹಾವು ತಿಂದ್ಯಾ?
ಇಲ್ಲ.
ಕಪ್ಪೆ?
ಇಲ್ಲ ಕಣೇ, ಆಲೂಗೆಡ್ಡೆ ತಿಂದೆ. ಹನ್ನೊಂದು ದಿನ, ಮೂರು ಹೊತ್ತೂ.
ಅಷ್ಟು ದೂರ ಹೋಗಿ!
ಅಂತ ನಕ್ಕ ಶಾಕಿರಾಳ ಚಾಕು ಕಣ್ಣು ತಪ್ಪಿತು.

ನಕ್ಕರೆ ನಗಲಿ.
ಯುನ್ನಾನ್ ಅನ್ನುವ ಸೀಮೆ. ಬಸ್ಸು ಬೆಟ್ಟ ಸುತ್ತಿ ಸುತ್ತಿ
ಹೊಟ್ಟೆ ತೊಳಸಿ, ಕೊನೆಗೆ ಇಳಿದಾಗ
ಕಾಲ ಕೆಳಗೆ ನಮ್ಮ ದುದ್ದದ ಹೊಲದ್ದೇ ಕೆಂಪು ಮಣ್ಣು.
ಬಗ್ಗಿ ಒಂದು ಚಿಟಿಕೆ ಎತ್ತಿ ಮೂಸಿದೆ.
ಆಫೀಸರು ಫೋಟೊ ತೆಗೆದರು.
ಅದೇ ಪೇಪರಿನಲ್ಲಿ ಬಂತು, ಪ್ರಗತಿಪರ ಮಹಿಳೆ ಅಂತ.
ಮೂಸಿದ್ದು ಯಾಕೆ ಅಂತ ಯಾರೂ ಕೇಳಲಿಲ್ಲ.

ಅಲ್ಲೊಬ್ಬಳು ಮುದುಕಿ, ಪು ಗ್ವೇಹ್ವಾ.
ತಲೆಗೆ ಕಪ್ಪು ರುಮಾಲು, ಬಾಯಲ್ಲಿ ನಾಲ್ಕು ಹಲ್ಲು,
ಜಗಲಿಯ ಮೇಲೆ ಗುಡ್ಡೆ ಹಾಕಿಕೊಂಡು
ಬಿತ್ತನೆ ಕೊಯ್ಯುತ್ತಿದ್ದಾಳೆ.
ಕೇಳದೆ ಪಕ್ಕದಲ್ಲಿ ಕೂತೆ.
ಕೇಳುವುದಾದರೂ ಹೇಗೆ?
ಅವಳ ಮಾತು ದುಭಾಷಿ ಹುಡುಗಿಗೆ,
ಹುಡುಗಿಯ ಇಂಗ್ಲಿಷು ಆಫೀಸರಿಗೆ,
ಆಫೀಸರ ಕನ್ನಡ ನನಗೆ.
ಮೂರು ಬಾಯಿ ದಾಟುವಷ್ಟರಲ್ಲಿ
ಮಾತು ತಣ್ಣಗಾಗಿ ಕೆನೆ ಕಟ್ಟಿರುತ್ತಿತ್ತು.

ಹಾಗೆ ಬಂದ ಒಂದು ತಣ್ಣನೆ ಮಾತು:
ಅವರು ಇದಕ್ಕೆ ಯಾಂಗ್‌ಯು ಅನ್ನುತ್ತಾರೆ,
ಕಡಲಾಚೆಯಿಂದ ಬಂದ ಗೆಡ್ಡೆ ಅಂತ ಅರ್ಥ.
ನಮ್ಮಲ್ಲೂ ಯಾರೋ ಬಿಳಿಯರು ತಂದದ್ದಂತೆ, ಅಂದೆ.
ಅವಳು ಕೈಲಿದ್ದುದನ್ನು ತಿರುಗಿಸಿ ತಿರುಗಿಸಿ ನೋಡಿದಳು,
ಮನೆಯಲ್ಲೇ ಉಂಡು ಬೆಳೆದ ಹುಡುಗ
ನಿಮ್ಮ ಪೈಕಿ ಅಲ್ಲ ಅಂತ ಯಾರೋ ಚಾಡಿ ಹೇಳಿದ ಹಾಗೆ.

ಆಮೇಲೆ ಮಾತು ಬೇಕಾಗಲಿಲ್ಲ.
ಅಡ್ಡ ಕೊಯ್ದೆ, ಇಪ್ಪತ್ತೆರಡು ವರ್ಷ ಕೊಯ್ದ ಹಾಗೆ.
ಅವಳು ಮಣಿಕಟ್ಟು ಹಿಡಿದಳು. ಒರಟು ಕೈ, ಉಡದ ಪಟ್ಟು.
ಉದ್ದಕ್ಕೆ ಕೊಯ್ಯಿ ಅಂತ ತೋರಿಸಿದಳು,
ನೆತ್ತಿಯ ಕಣ್ಣು ಎಲ್ಲ ಹೋಳಿಗೂ ಪಾಲು ಬರಲಿ.
ನನಗೆ ಸಿಟ್ಟು ಬಂತು. ಕೂಲಿಯವಳಿಗೆ ಕೂಲಿ ಕಲಿಸಿದರೆ ಬರುವ ಸಿಟ್ಟು.
ಕೊಯ್ದೆ. ಸರಿಯಿತ್ತು. ಇನ್ನೂ ಸಿಟ್ಟು ಬಂತು.

ಒಂದು ಗೆಡ್ಡೆ ಹೊರಗೆ ಬಂಗಾರ, ಒಳಗೆ ಕಂದು ಬಳೆ.
ಇಬ್ಬರೂ ಒಟ್ಟಿಗೇ ಮೂಗು ಮುಚ್ಚಿದೆವು.
ಅದನ್ನು ಹಿತ್ತಲಿಗೆಸೆದು, ಚಾಕುವನ್ನು
ಮುಸುಕಿನಜೋಳದ ಸಾರಾಯಿಗೆ ಅದ್ದಿ,
ಅದ್ದಿದ ಬಟ್ಟಲು ದೂರವಿಟ್ಟು,
ಬೇರೆ ಬಟ್ಟಲು ತುಂಬಿ ನನ್ನ ಕಡೆ ಚಾಚಿದಳು.

ಕುಡಿದ್ಯಾ?
ಎಂಟು ಚಾಕು ನಿಂತವು.
ಮುಂದಿನ ಮೂಟೆ ಬಿಚ್ಚಿ, ಅಂದೆ.

ಈಗ ನನ್ನ ಮೊರದ ಪಕ್ಕ ಒಂದು ಕ್ವಾರ್ಟರ್ ಬಾಟಲಿಯಿದೆ.
ಮಂಡಿ ಸಾಹುಕಾರ ಮೂರು ಸಲ ಬಂದು ನೋಡಿ ಹೋದ.
ಚಾಕುವಿಗೆ ಸ್ವಾಮಿ ಅಂದರೆ ನಂಬುವ ಮುಖವಲ್ಲ ಅದು.
ಜವರಮ್ಮ ಮಾತ್ರ ಸುಮ್ಮನೆ ತನ್ನ ಚಾಕೂ ಅದ್ದಿಕೊಂಡಳು.
ಉದ್ದಕ್ಕೆ ಕೊಯ್ಯುವುದನ್ನು ಇನ್ನೂ ಯಾರೂ ಒಪ್ಪಿಲ್ಲ.

ಒಂದು ಬಾಕಿ ಇದೆ, ಇವರಿಗೆ ಹೇಳಿಲ್ಲ.
ಹೊರಡುವ ದಿನ ಬಸ್ಸು ಹಾರನ್ ಹೊಡೆಯುತ್ತಿತ್ತು,
ಹುಡುಗಿ ಹತ್ತಿಯಾಗಿತ್ತು, ಆಫೀಸರೂ ಹತ್ತಿಯಾಗಿತ್ತು,
ಮುದುಕಿ ಕಿಟಕಿಗೆ ಬಂದು ಏನೋ ಅಂದಳು:
ಮಾನ್ ಮಾನ್ ಝೋ.
ದಾಟಿಸುವ ಬಾಯಿ ನಡುವೆ ಇರಲಿಲ್ಲ, ಬಿಸಿಬಿಸಿಯಾಗಿ ಹಾಗೇ ಬಂತು.
ಮುಂದಿನ ಸೀಟಿಗೆ ಬಗ್ಗಿ ಅರ್ಥ ಕೇಳಬಹುದಿತ್ತು. ಕೇಳಲಿಲ್ಲ.

ಸಂಜೆ ಆಲೂರಿನ ಕಡೆ ಹೊರಟ ಲಾರಿಗೆ
ಹೋಳಿನ ಮೂಟೆ ಏರಿದ ಮೇಲೆ
ಬಾಗಿಲು ತಟ್ಟಿ ಅದನ್ನೇ ಅನ್ನುತ್ತೇನೆ.
ಡ್ರೈವರು ತೌಸೀಫ ಕನ್ನಡಿಯಲ್ಲಿ ನೋಡಿ
ಏನಕ್ಕಾ? ಅನ್ನುತ್ತಾನೆ,
ಗೇರು ಇಳಿಸುತ್ತಾನೆ.