ಕೇಳಿಸದ ಉಬ್ಬರ

ಗುದೈಬಿಯಾ, ಮೂರನೇ ಮಹಡಿ, ಆಗಸ್ಟಿನ ರಾತ್ರಿ ಹನ್ನೊಂದು.
ಸೂಜಿ ಇನ್ನೂ ಹಾಡಿಗೆ ಇಳಿದಿಲ್ಲ,
ಅಂಚಿನ ಖಾಲಿ ಗೆರೆಯಲ್ಲೇ ಸುತ್ತುತ್ತಿದೆ;
ಆಗಲೇ ಸ್ಪೀಕರಿನ ಕಪ್ಪು ಕಾಗದದೆದೆ
ಮುಂದೆ ಬರುತ್ತದೆ, ಹಿಂದೆ ಹೋಗುತ್ತದೆ,
ಸದ್ದಿಲ್ಲ.

ಬೆರಳಗಲ. ಅಳೆದೆ.
ಲಿಫ್ಟ್ ರಿಪೇರಿಯವನು ನಾನು, ಇಪ್ಪತ್ತೆರಡು ವರ್ಷ;
ಎಣ್ಣೆ ಕಾಣದ ಹಳಿ, ಸವೆದ ಚಕ್ರ,
ಕೇಬಲ್ಲಿನಲ್ಲಿ ಹರಿದ ಒಂದೇ ಒಂದು ಎಳೆ
ಅಂಗಾಲಿಗೇ ತಿಳಿಯುತ್ತದೆ.
ಇದು ತಿಳಿಯಲಿಲ್ಲ.

ರೆಕಾರ್ಡು ಇಸಾ ಟೌನಿನ ಸಂತೆಯದು,
ಒಂದೂವರೆ ದಿನಾರ್ ಅಂದವನು ಒಂದೂಕಾಲಿಗೆ ಕೊಟ್ಟ.
ಮುತ್ತಿಗೆ ಮುಳುಗುವವರ ಹಾಡು:
ಒಬ್ಬ ಮೇಲೆ ಕೂಗುತ್ತಾನೆ,
ಉಳಿದವರೆಲ್ಲ ಹೊಟ್ಟೆಯ ತಳದಿಂದ ಹೂಂಗುಟ್ಟುತ್ತಾರೆ,
ದೋಣಿಯಡಿಗೆ ದೊಡ್ಡ ಮೀನೊಂದು ಮೈ ತಿಕ್ಕಿದ ಹಾಗೆ.
ಆ ಹೂಂಕಾರವೇ ಇರಬೇಕು ಅಂದುಕೊಂಡೆ ಮೊದಲು.
ಹಾಡಿಲ್ಲದ ಗೆರೆಯಲ್ಲೂ ಮತ್ತೆ ಈ ಉಬ್ಬರ ಯಾಕೆ?

ಸೂಜಿ ಎತ್ತಿದೆ. ನಿಂತಿತು.
ಅಂದರೆ ಆಂಪ್ಲಿಫೈಯರ್ ನಿರಪರಾಧಿ.
ತಿರುಗದ ರೆಕಾರ್ಡಿನ ಮೇಲೆ ಸೂಜಿಯಿಟ್ಟು
ಕಪಾಟಿಗೆ ಗೆಣ್ಣಿನಿಂದ ಬಡಿದೆ,
ಯಾರು ಅಂತ ಒಳಗಿಂದ ದುಮ್ಮೆಂದಿತು.
ವಿಂಡೋ ಏಸಿ ಆರಿಸಿದೆ. ಆಗಸ್ಟಿನಲ್ಲಿ. ಎರಡು ನಿಮಿಷ.
ಬೆವರು ಗಲ್ಲದಿಂದ ತೊಟ್ಟಿಕ್ಕುವ ಮೊದಲೇ
ಅರ್ಧ ನಡುಕ ಇಳಿಯಿತು.
ಏಸಿಯೂ ಕಪಾಟೂ ಒಂದೇ ಗೋಡೆಯ ಮಕ್ಕಳು;
ಸಾಲದ್ದಕ್ಕೆ ಸ್ಪೀಕರನ್ನೂ ಅದೇ ಕಪಾಟಿಗೇರಿಸಿದ್ದೆ,
ತಾನು ಪಿಸುಗುಟ್ಟಿದ್ದನ್ನು ಸೂಜಿಯ ಬಾಯಿಂದ ಕೇಳಿ
ಇನ್ನಷ್ಟು ಸೇರಿಸಿ ಹೇಳುವ ಚಾಡಿಕೋರ.

ಟರ್ನ್‌ಟೇಬಲ್ ಎದುರು ಗೋಡೆಗೆ ಹೋಯಿತು,
ಅದರಡಿಗೆ ಫುಟ್‌ಪಾತಿನದೊಂದು ಚಪ್ಪಡಿ.
(ನಾತೂರನಿಗೆ ಗೊತ್ತು. ಹೇಳುವುದಿಲ್ಲ.)

ಉಳಿದರ್ಧ ಉಳಿದೇ ಇತ್ತು.
ಟಾರ್ಚು ಓರೆ ಹಿಡಿದು ನೋಡಿದರೆ
ರೆಕಾರ್ಡು ಸೊಟ್ಟ. ಹಪ್ಪಳ.
ಕಾರಿನ ಡಿಕ್ಕಿಯಲ್ಲಿ ಬಿಟ್ಟು
ಕರಕ್ ಚಾಕ್ಕೆ ನಿಂತಿದ್ದೆ, ಅಷ್ಟೇ,
ಇಪ್ಪತ್ತು ನಿಮಿಷ.
ಸುತ್ತಿಗೊಮ್ಮೆ ತೋಳು ಗುಡ್ಡ ಹತ್ತಿ ಇಳಿಯುತ್ತದೆ,
ನಿಮಿಷಕ್ಕೆ ಮೂವತ್ತಮೂರು ಸಲ ಸ್ಪೀಕರು ಅದನ್ನು ಒಪ್ಪಿಸುತ್ತದೆ.
ಆ ತೋಳಿನ ತಲೆಯ ಮೇಲೋ
ಟೇಪು ಹಚ್ಚಿದ ನೂರು ಫಿಲ್ಸಿನ ನಾಣ್ಯ!
ಸೂಜಿ ಜಿಗಿಯದಿರಲಿ ಅಂತ ಯಾರೋ ಹೇಳಿದ್ದು, ನಾನು ಮಾಡಿದ್ದು.
ಭಾರ ಹೆಚ್ಚಿದಷ್ಟೂ ತೋಳು ನಿಧಾನ ತೂಗುತ್ತದೆ,
ಸೊಟ್ಟದ ತಾಳಕ್ಕೆ ಹತ್ತಿರ ಹತ್ತಿರ ಬರುತ್ತದೆ,
ಆಮೇಲೆ ಉಯ್ಯಾಲೆಗೆ ಸರಿಯಾದ ಹೊತ್ತಿಗೆ
ಕೈ ಕೊಟ್ಟಂತೆ.
ನಾಣ್ಯ ಕಿತ್ತೆ. ಹಿಂದಿನ ತೂಕ ಸರಿಹೊಂದಿಸಿದೆ.
ಬೆರಳಗಲ ಕಾಲು ಬೆರಳಿಗೆ ಇಳಿಯಿತು.

ಕೊನೆಗೆ ಆಂಪ್ಲಿಫೈಯರಿನ ಬೆನ್ನ ಧೂಳಿನಲ್ಲೊಂದು ಗುಂಡಿ,
ಕಿವಿಗೆ ಎಟುಕದ ತಗ್ಗನ್ನೆಲ್ಲ ಕತ್ತರಿಸುವಂಥದು.
ಒತ್ತಿದೆ.
ಎದೆ ನಿಂತಿತು. ಹಾಡು ಇತ್ತು.
ಹೂಂಕಾರ ಒಂದು ಗುಲಗಂಜಿಯೂ ಕಡಿಮೆಯಾಗಿರಲಿಲ್ಲ.
ಗೆದ್ದೆ.

ಶುಕ್ರವಾರ ಹಿದ್ದ್‌ನಿಂದ ಉಮರಬ್ಬ ಬಂದ.
ಹಡಗುಕಟ್ಟೆಯ ಜನರೇಟರ್ ಕೋಣೆಯಲ್ಲಿ
ಇಪ್ಪತ್ತೊಂಬತ್ತು ವರ್ಷ ನಿಂತವನು;
ಎಡಗಿವಿ ಹೋಗಿದೆ, ಬಲಗಿವಿ ಹೋಗುವ ದಾರಿಯಲ್ಲಿದೆ.
ಯಾವಾಗಿನಂತೆ ಸ್ಪೀಕರಿನೆದುರು ಚಕ್ಕಳಮಕ್ಕಳ ಕೂತ,
ನೋಡಿದ, ನೋಡಿದ.
"ಎಂಥ ಮಾರಾಯ, ಹಾಡು ಹಾಕಲಿಲ್ಲವಾ?"

ಹಾಡು ಜೋರಾಗಿಯೇ ಇತ್ತು.

ಹೋದ ವಾರ ಕಂಡದ್ದು ಹಾಡಲ್ಲ ಉಮರಬ್ಬ, ಕಾಯಿಲೆ,
ಏಸಿ, ಹಪ್ಪಳ, ನಾಣ್ಯ ಅಂತ ಕೂಗಿ ಹೇಳಿದೆ.
ತಲೆಯಾಡಿಸಿದ. ಕೇಳಿಸಿತೋ ಇಲ್ಲವೋ.

ಎದ್ದು, ದನಿ ತಗ್ಗಿಸಿ, ಗುಂಡಿ ಬಿಟ್ಟೆ.
ಕಪ್ಪೆದೆ ಮೆಲ್ಲಗೆ ಉಬ್ಬಿತು, ತಗ್ಗಿತು.
ಉಮರಬ್ಬ ಎರಡು ಬೆರಳು ಅದರಂಚಿಗೆ ತಾಗಿಸಿದ,
ನಾಡಿ ನೋಡುವವರಂತೆ.
"ಹಾಂ," ಅಂದ, "ಈಗ ದೋಣಿಯಲ್ಲಿದ್ದಾರೆ."

ನಾನು ಆಂಪ್ಲಿಫೈಯರಿನ ನೆತ್ತಿ ಮುಟ್ಟಿ ನೋಡಿದೆ.
ಬಿಸಿಯಾಗುತ್ತಿತ್ತು.
ಈ ಬದಿ ಮುಗಿಯುವವರೆಗೆ ತಡೆದೀತು.