ನಾಲ್ಕನೇ ಕಿಟಕಿ

ಐವತ್ತು ತುಂಬಿದ್ದಕ್ಕೆ ಕಚೇರಿಯವರು ಕೊಟ್ಟದ್ದು ಒಂದು ಲಕೋಟೆ:
ಪೈಪ್ಸಿ ಸರೋವರದ ಮೇಲೆ ಅರ್ಧ ದಿನ,
ಮಾರ್ಗದರ್ಶಿ ಸಹಿತ. ಮೀನು ಸಿಗುವ ಭರವಸೆಯಿಲ್ಲ
ಎಂದು ಕೆಳಗೆ ಸಣ್ಣಕ್ಷರದಲ್ಲಿ.
ಸಣ್ಣಕ್ಷರ ಓದುವುದೇ ನನ್ನ ಕೆಲಸ.
ತಾರ್ತುವಿನ ಭೂದಾಖಲೆ ಕಚೇರಿ, ನಾಲ್ಕನೇ ಕಿಟಕಿ.
ಜನ ಚೀಟಿ ಹಿಡಿದು ಕೂತಿರುತ್ತಾರೆ,
ನಾನು ಗುಂಡಿ ಒತ್ತುತ್ತೇನೆ.

ವಾರ್ನ್ಯಾ ದಂಡೆಯಲ್ಲಿ ಲುಕೇರಿಯಾ ನಿಂತಿದ್ದಳು,
ಎಪ್ಪತ್ತು ದಾಟಿದವಳು, ತಲೆವಸ್ತ್ರಕ್ಕೆ ಗದ್ದದಡಿ ಪಿನ್ನು.
ಅವಳ ಗಾಡಿಗೆ ಬಾಗಿಲಿಲ್ಲ: ಟ್ರ್ಯಾಕ್ಟರಿನ ನಾಲ್ಕು ಟ್ಯೂಬು,
ಮೊಪೆಡ್ಡಿನ ಎಂಜಿನ್ನು, ಮುಚ್ಚಿದ ಟಾಕೀಸಿನ ಎರಡು ಕುರ್ಚಿ.
ಬೆಲ್ಟಿಗಾಗಿ ತಡಕಾಡಿದೆ.
‘ಕಟ್ಟಿಕೊಂಡವರು ಗಾಡಿಯ ಜೊತೆ ಹೋಗುತ್ತಾರೆ’ ಎಂದಳು.
ಅವಳ ಎಸ್ಟೋನಿಯನ್ ತುಂಡು ತುಂಡು, ನನ್ನ ರಷ್ಯನ್ ಶಾಲೆಯದು.
ನಡುವೆ ಬಿದ್ದದ್ದನ್ನು ಕೈಸನ್ನೆ ಎತ್ತಿಕೊಂಡಿತು.

ಬೈರಿಗೆ ನನ್ನ ಕೈಗೇ ಕೊಟ್ಟಳು. ಮೊಳದಷ್ಟು ದಪ್ಪ ನೀರ್ಗಲ್ಲು.
ಮೊದಲು ಬಿಳಿ ಹೊಟ್ಟು, ಆಮೇಲೆ ಬೂದು,
ಆಮೇಲೆ ತಟ್ಟನೆ ಕೈ ಹಗುರ.
ನೀರು ಉಕ್ಕಿ ನನ್ನ ಬೂಟಿನವರೆಗೆ ಬಂದು ನಿಂತಿತು,
ಎಬ್ಬಿಸಿದ್ದು ಯಾರು ಎಂದು ನೋಡಲು.

ಹುಳು ಎಲ್ಲಿ ಎಂದೆ. ಕೆಳತುಟಿ ಮಡಚಿ ತೋರಿಸಿದಳು:
ಒಸಡಿನ ಬೆಚ್ಚಗೆ ಐದಾರು, ಬೆಳ್ಳಗೆ, ಮಿಸುಕುತ್ತ.
ಡಬ್ಬಿಯಲ್ಲಿಟ್ಟರೆ ಸೆಟೆಯುತ್ತವಂತೆ, ಸೆಟೆದದ್ದನ್ನು ಮೀನು ಮೂಸದಂತೆ.
ಅಂದರೆ ಇಷ್ಟು ಹೊತ್ತು
ಅವುಗಳನ್ನು ದಾಟಿಕೊಂಡೇ ಮಾತು ಬರುತ್ತಿತ್ತು.

ಕೂತೆ. ಬೋರಲು ಹಾಕಿದ ಬಕೆಟ್ಟು, ಮುಂದೆ ತೂತು.
ತಳ ಮುಟ್ಟಿಸು, ಗೇಣು ಎತ್ತು, ಅಲುಗಿಸು, ಬಿಡು.
‘ಬಿಗಿ ಹಿಡಿಯಬೇಡ. ಬೆರಳಲ್ಲಿ ಕೇಳು.’
ಕೇಳಿದೆ. ಏನೂ ಇಲ್ಲ. ಮತ್ತೆ ಏನೂ ಇಲ್ಲ.
ತೂತಿನ ಬಾಯಲ್ಲಿ ಕೆನೆಗಟ್ಟಿದಾಗೆಲ್ಲ
ಅವಳು ತೂತುಸೌಟಿನಿಂದ ತೆಗೆದು ಬಿಸಾಡುತ್ತಿದ್ದಳು.
ಫೋನು ಆಚೆ ದೇಶದ ಗೋಪುರಕ್ಕೆ ಸಿಕ್ಕಿ
ಗಡಿಯಾರ ಒಂದು ತಾಸು ಮುಂದಕ್ಕೆ ಹಾರಿತು.
ಎಷ್ಟು ಹೊತ್ತು ಕಾದೆ ಎಂಬುದಕ್ಕೂ ಈಗ ದಾಖಲೆಯಿಲ್ಲ.

ಒಮ್ಮೆ ಇಡೀ ಸರೋವರ ಗುಡುಗಿತು,
ದಂಡೆಯಿಂದ ದಂಡೆಗೆ ಯಾರೋ ಸರಪಳಿ ಎಳೆದ ಹಾಗೆ.
ದಡಬಡ ಎದ್ದು ನಿಂತೆ. ಓಡುವುದಾದರೂ ಎಲ್ಲಿಗೆ?
ಅವಳು ಎರಡು ಬೆರಳಲ್ಲಿ ಶಿಲುಬೆ ಬರೆದುಕೊಂಡು
‘ಮೈ ಮುರೀತಿದೆ, ಅಷ್ಟೆ.
ಸದ್ದಿಲ್ಲದಿದ್ದರೆ ಹೆದರು’ ಎಂದಳು.

ಆಮೇಲೆ, ತೂತಿನಿಂದ ಕಣ್ಣೆತ್ತದೆ:
‘ನಿನ್ನನ್ನು ನೋಡಿದ್ದೇನೆ. ಈರುಳ್ಳಿ ಮಡಿಯ ವಿಷಯ.
ನನ್ನ ಗಂಡನ ತಾಯಿಯ ಹೆಸರಿನಲ್ಲಿ ಒಂದಕ್ಷರ ತಪ್ಪಿತ್ತಲ್ಲ.
ನನ್ನ ಚೀಟಿ ಇನ್ನೂರ ಹದಿನೆಂಟು.
ಬೆಳಗಿನ ಬಸ್ಸಿಗೆ ಬಂದಿದ್ದೆ.
ಇನ್ನೂರ ಹದಿನೇಳಾಯಿತು. ನೀನು ಊಟಕ್ಕೆ ಎದ್ದೆ.’

ದೂರಿನ ದನಿಯಲ್ಲ. ಹವಾಮಾನ ಹೇಳಿದ ಹಾಗೆ.
ನೆನಪು ಕೆದಕಿದೆ: ಮೋರೆಗಳಿಲ್ಲ,
ಬರಿ ಕೆಂಪು ಅಂಕಿಗಳು, ಒಂದರ ಹಿಂದೆ ಒಂದು.
ಏನು ಹೇಳಬೇಕೆಂದು ಬಾಯಿ ತೆರೆದೆನೋ,
ಅಷ್ಟರಲ್ಲಿ ಬೆರಳ ತುದಿಗೆ
ಯಾರೋ ಕದ ತಟ್ಟಿದ ಹಾಗೆ, ಮೆಲ್ಲಗೆ, ಎರಡು ಸಲ.

ಎಳೆದೆ. ಬಂದದ್ದು ಹೆಬ್ಬೆರಳಿಗಿಂತ ಒಂದಿಷ್ಟು ಉದ್ದ,
ಲೋಳೆ ಲೋಳೆ, ಬೆನ್ನ ತುಂಬ ಮುಳ್ಳು.
ಅದು ನನ್ನ ಅಂಗೈ ಚುಚ್ಚಿತು; ಹಿಮದ ಮೇಲೆ ಒಂದು ಕೆಂಪು ಚುಕ್ಕೆ.
ಇಷ್ಟೇ ಇಷ್ಟು, ಬಿಟ್ಟುಬಿಡೋಣ ಎಂದೆ.
‘ಸಾರಿಗೆ ಇದರಷ್ಟು ರುಚಿ ಯಾವುದೂ ಇಲ್ಲ’ ಎಂದು
ಲುಕೇರಿಯಾ ಅದನ್ನು ಹಿಮದಲ್ಲಿ ಹುಗಿದಳು.
ತುಟಿಯ ಹುಳುಗಳನ್ನು ಅಂಗೈಗೆ ಉಗಿದು,
ಚಹಾ ಬಗ್ಗಿಸಿ, ಸಕ್ಕರೆಯ ಗಟ್ಟಿ ಹಲ್ಲಲ್ಲಿ ಕಚ್ಚಿ,
ಜೇಬಿನಿಂದ ಒಂದು ಈರುಳ್ಳಿ ತೆಗೆದು ಸುಲಿದು
ಚಾಕುವಿನಲ್ಲಿ ಸರಿಯಾಗಿ ಎರಡು ಮಾಡಿದಳು.

ನನ್ನ ಪಾಲು ಸಿಹಿಯಾಗಿತ್ತು. ಕಣ್ಣಲ್ಲಿ ನೀರು ಬಂತು,
ಗಾಳಿಗೆ ಎಂದೆ.
ಯಾವ ಮಡಿಯಲ್ಲಿ ಬೆಳೆದದ್ದೆಂದು
ಕೇಳಲಿಲ್ಲ.